ದೂರು ಹೇಳುವವನ ಹಕ್ಕು

(ರೋಜಾ, ಕಲಬುರಗಿ: ಜುಮುಆ ಪ್ರವಚನದ ಸಾರಾಂಶ)

ಸರ್ವಸ್ತುತಿಗಳು ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ ಮೀಸಲು. ಅವನ ಕೃಪೆ ಮತ್ತು ಶಾಂತಿ ನಮ್ಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಸದಾ ಇರಲಿ.



ನನ್ನನ್ನೂ ನಿಮ್ಮನ್ನೂ ತಕ್ವಾದ ಕಡೆಗೆ ಕರೆಯುತ್ತಾ ಈ ಮಾತುಗಳನ್ನು ಆರಂಭಿಸುತ್ತೇನೆ. ತಕ್ವಾ ಎಂದ ಕೂಡಲೇ ನಮ್ಮ ಮನಸ್ಸು ಮುಸಲ್ಲಾದ ಕಡೆ, ತಸ್ಬೀಹ್‌ನ ಕಡೆ ಹೋಗುತ್ತದೆ. ಇಂದು ನಾನು ಅಂಗಡಿಯ ಗಲ್ಲಾದ ಮುಂದೆ ಬೇಕಾಗುವ ತಕ್ವಾದ ಬಗ್ಗೆ ಮಾತನಾಡುತ್ತೇನೆ. ಮಾರಿದ ವಸ್ತು ಕೆಟ್ಟಿದೆ ಎಂದು ಗಿರಾಕಿಯೊಬ್ಬ ಹಿಂತಿರುಗಿ ಬಂದಾಗ ನಮ್ಮ ಮುಖ ಹೇಗಿರುತ್ತದೆ, ನಾಲಿಗೆ ಏನು ಹೇಳುತ್ತದೆ ಎಂಬುದು ಇಂದಿನ ವಿಷಯ.

ಕೆಲವು ವಾರಗಳ ಹಿಂದೆ ಫಜ್ರ್ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬರು ನನ್ನ ಬಳಿ ಬಂದು ಕುಳಿತರು. ಹೆಸರು ಹೇಳುವುದಿಲ್ಲ. ಈ ವಿಷಯವನ್ನು ಮಿಂಬರಿನಿಂದ ಹೇಳಲು ಅವರೇ ಅನುಮತಿ ಕೊಟ್ಟಿದ್ದಾರೆ. ಅವರಿಗೆ ಹಜ್ ಯಾತ್ರೆಗೆ ಹೆಸರು ಬಂದಿದೆ. ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್ ಇತ್ತು. "ಹಜ್ರತ್, ಹಜ್‌ಗೆ ಹೋಗುವ ಮೊದಲು ಇದನ್ನೊಂದು ದಾರಿಗೆ ಹಚ್ಚಬೇಕು" ಎಂದರು.

ವಿಷಯ ಹೀಗಿತ್ತು. 2008ರ ಸುಮಾರಿಗೆ ಅವರು ದರ್ಗಾ ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಅದು ಸಾಫ್ಟ್‌ವೇರ್ ಎಲ್ಲವೂ ಡಿಸ್ಕಿನಲ್ಲಿ ಬರುತ್ತಿದ್ದ ಕಾಲ. ಉರ್ದು ಅಕ್ಷರ ಜೋಡಣೆಗೆ ಇನ್‌ಪೇಜ್, ಕನ್ನಡಕ್ಕೆ ಬರಹ, ನುಡಿ. ಇವುಗಳ ಸಿಡಿಗಳು ಪ್ರೆಸ್ಸಿನವರ, ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುತ್ತಿದ್ದವು. ಈ ಸಹೋದರರು ಮಕ್ಕಳಿಗಾಗಿ ಸ್ವತಃ ಒಂದು ಸಾಫ್ಟ್‌ವೇರ್ ತಯಾರಿಸಿದರು. ಅರಬಿ ಅಕ್ಷರಗಳ ಕಾಯ್ದಾ, ಕನ್ನಡ ವರ್ಣಮಾಲೆ, ಸ್ವಲ್ಪ ಲೆಕ್ಕ. ಒತ್ತಿದರೆ ಅಕ್ಷರದ ಉಚ್ಚಾರಣೆ ಕೇಳಿಸುತ್ತಿತ್ತು. ಒಳ್ಳೆಯ ಕೆಲಸ. ಮೂರು ನೂರು ಸಿಡಿ ಮಾಡಿದರು, ಒಂದಕ್ಕೆ 150 ರೂಪಾಯಿ. ಉರುಸಿನ ಸಮಯದಲ್ಲಿ ಬಹುತೇಕ ಎಲ್ಲವೂ ಮಾರಾಟವಾದವು.

ಆ ಮೂರು ನೂರರಲ್ಲಿ ಇನ್ನೂರು ಒಳ್ಳೆಯ ಡಿಸ್ಕುಗಳು. ಕೊನೆಯ ನೂರಕ್ಕೆ ದುಡ್ಡು ಸಾಲದೆ ಅಗ್ಗದ ಖಾಲಿ ಡಿಸ್ಕುಗಳ ಒಂದು ಕಟ್ಟು ತಂದರು. ಉರುಸ್ ಹತ್ತಿರ ಬಂದಿದ್ದರಿಂದ ಅವಸರದಲ್ಲಿ ಅತಿ ವೇಗದಲ್ಲಿ ಬರೆದರು. ಅಂಗಡಿಯ ಹೊಸ ಯಂತ್ರದಲ್ಲಿ ಅವು ಓಡಿದವು. ಮನೆಗಳಲ್ಲಿದ್ದ ಹಳೆಯ ಕಂಪ್ಯೂಟರುಗಳಲ್ಲಿ ಅರ್ಧಕ್ಕೇ ನಿಂತವು.

ಈ ಡಿಸ್ಕಿನ ಗುಣವೇ ಹಾಗೆ. ನಾವು ಮನೆಯಲ್ಲಿ ಬರೆಯುವ ಸಿಡಿಯಲ್ಲಿ ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಬೆಳಕು ಅದರ ಮೇಲೆ ಗುರುತು ಮಾಡುತ್ತದೆ. ಪದರ ಕಳಪೆಯಾಗಿದ್ದರೆ ಗುರುತು ಮಸುಕಾಗುತ್ತದೆ. ಮಸುಕಾದ ಅಕ್ಷರವನ್ನು ಚುರುಕು ಕಣ್ಣಿನವನು ಓದಿಬಿಡುತ್ತಾನೆ, ವಯಸ್ಸಾದವನು ಓದಲಾರ. ಡ್ರೈವ್‌ಗಳೂ ಹಾಗೆಯೇ. ಅದರ ಮೇಲೆ ನಮ್ಮ ಕಲಬುರಗಿಯ ಬಿಸಿಲು. ತಗಡಿನ ಶೀಟಿನ ಕೆಳಗೆ ಇಟ್ಟ ಡಿಸ್ಕು ಇನ್ನಷ್ಟು ಬೇಗ ಹಾಳಾಗುತ್ತದೆ. ಇಷ್ಟಾದರೂ ಮೇಲ್ನೋಟಕ್ಕೆ ಅದು ಒಳ್ಳೆಯ ಡಿಸ್ಕಿನಂತೆಯೇ ಥಳಥಳ ಹೊಳೆಯುತ್ತಿರುತ್ತದೆ. ದೋಷ ಕಣ್ಣಿಗೆ ಕಾಣುವುದಿಲ್ಲ.

ಗಿರಾಕಿಗಳು ಬರತೊಡಗಿದರು. ಮೊದಲು ಬಂದ ಕೆಲವರ ಡಿಸ್ಕು ಅಂಗಡಿಯ ಯಂತ್ರದಲ್ಲಿ ಚೆನ್ನಾಗಿಯೇ ಓಡಿತು. ಆದರೂ ಈ ಸಹೋದರರು ಮಾತಾಡದೆ ಅವರ ಹಣ ಕೊಟ್ಟು ಕಳಿಸಿದರು. ಆಮೇಲೆ ತಿಳಿಯಿತು, ಅವರಲ್ಲಿ ನಾಲ್ವರು ಒಳ್ಳೆಯ ಡಿಸ್ಕನ್ನೇ ಕೊಂಡು, ಮನೆಯಲ್ಲಿ ಪ್ರತಿ ಮಾಡಿಟ್ಟುಕೊಂಡು, ಓಡುವುದಿಲ್ಲ ಎಂದು ಸುಳ್ಳು ಹೇಳಿ ಹಣ ವಾಪಸ್ ಪಡೆದಿದ್ದರು. ಸಹೋದರರ ಮನಸ್ಸು ಕಲ್ಲಾಯಿತು. ಅಂದಿನಿಂದ ಬಂದವರಿಗೆಲ್ಲ ಒಂದೇ ಉತ್ತರ: "ನಿಮ್ಮ ಕಂಪ್ಯೂಟರೇ ಕೆಟ್ಟಿದೆ." ಹಾಗೆ ಬರಿಗೈಯಲ್ಲಿ ತಿರುಗಿ ಹೋದವರು 41 ಮಂದಿ. ಹೆಸರು, ಊರು, ತಾರೀಖು ಎಲ್ಲವೂ ಆ ನೋಟ್‌ಬುಕ್ಕಿನಲ್ಲಿ ಇದ್ದವು.

"ಕಟ್ಟು ಕೆಟ್ಟದ್ದು ಎಂದು ನಿಮಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ತಲೆ ತಗ್ಗಿಸಿದರು. "ಎರಡನೇ ತಿಂಗಳಿಗೇ ಗೊತ್ತಾಗಿತ್ತು ಹಜ್ರತ್. ಗೊತ್ತಾದ ಮೇಲೂ ಅದೇ ಉತ್ತರ ಕೊಟ್ಟೆ" ಎಂದರು.

ಸಹೋದರರೇ, ಡಿಸ್ಕಿನ ಕಾಲ ಮುಗಿಯಿತು. ಈ ಪ್ರಶ್ನೆ ಮುಗಿದಿಲ್ಲ. ನಮ್ಮಲ್ಲಿ ಮೊಬೈಲ್ ರಿಪೇರಿ ಮಾಡುವವರಿದ್ದಾರೆ, ಬಟ್ಟೆ ಮಾರುವವರಿದ್ದಾರೆ, ಬೇಕರಿ ಇಟ್ಟವರಿದ್ದಾರೆ, ಫೋನಿನಲ್ಲೇ ಆರ್ಡರ್ ಪಡೆದು ವ್ಯಾಪಾರ ಮಾಡುವ ಹೆಣ್ಣುಮಕ್ಕಳಿದ್ದಾರೆ. ಎಲ್ಲರ ಬಳಿಯೂ ಒಂದು ನೋಟ್‌ಬುಕ್ ಇದೆ. ಕೆಲವರದ್ದು ಕಾಗದದ ಮೇಲೆ, ಉಳಿದವರದ್ದು ಮಲಕ್‌ಗಳ ಬಳಿ.

ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋಗುತ್ತಿದ್ದಾಗ ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ವಿಚಾರಿಸಿದಾಗ ವ್ಯಾಪಾರಿ, ಮಳೆಗೆ ನೆನೆಯಿತೆಂದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ತೊಗರಿಯ ಕಣಜ ಎನಿಸಿದ ನಮ್ಮ ಜಿಲ್ಲೆಯವರಿಗೆ ಈ ಹದೀಸ್ ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಿಯಲ್ಲಿ ಒಣ ತೊಗರಿ, ಕೆಳಗೆ ಹಸಿ ತೊಗರಿ ಇಟ್ಟರೆ ಅದೇನೆಂದು ಗಂಜಿನಲ್ಲಿ ಕೂತವರಿಗೆಲ್ಲ ಗೊತ್ತು. ಗಮನಿಸಿ, ಮಳೆಯಲ್ಲಿ ನೆನೆಯಿತೆಂಬ ಕಾರಣಕ್ಕೆ ಪ್ರವಾದಿ(ಸ) ಆ ವ್ಯಾಪಾರಿಯನ್ನು ಗದರಿಸಲಿಲ್ಲ. ಮುಚ್ಚಿಟ್ಟದ್ದಕ್ಕೆ ಗದರಿಸಿದರು. ಡಿಸ್ಕು ಕೆಟ್ಟದ್ದು ಒಂದು ಆಕಸ್ಮಿಕ. ಗೊತ್ತಾದ ಮೇಲೂ ಒಳ್ಳೆಯದು ಎಂದು ವಾದಿಸಿದ್ದು ಪಾಪ.

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ದೋಷವನ್ನು ಸ್ಪಷ್ಟಪಡಿಸಿದರೆ ಆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳು ಹೇಳಿದರೆ ಬರಕತ್ ಅಳಿಸಿಹೋಗುತ್ತದೆ ಎಂಬ ಅರ್ಥದ ಹದೀಸನ್ನು ಹಝ್ರತ್ ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ಹದೀಸಿನಲ್ಲಿ ಇಬ್ಬರ ಉಲ್ಲೇಖವೂ ಇದೆ, ಮಾರುವವನದ್ದು ಮಾತ್ರವಲ್ಲ. ಆ ನಾಲ್ವರನ್ನೂ ಇದು ಹಿಡಿಯುತ್ತದೆ.

ನಮ್ಮ ಇಮಾಮ್, ಇಮಾಮ್ ಅಬೂ ಹನೀಫಾ(ರಹ್) ಕೂಫಾ ನಗರದ ಬಟ್ಟೆ ವ್ಯಾಪಾರಿ. ಹಿಜರಿ 150ರಲ್ಲಿ ನಿಧನರಾದರು. ಅವರ ಜೀವನ ಚರಿತ್ರೆಗಳಲ್ಲಿ ಪ್ರಸಿದ್ಧವಾದ ಘಟನೆಯೊಂದಿದೆ. ದೋಷವಿದ್ದ ಒಂದು ಬಟ್ಟೆಯನ್ನು ಪಾಲುದಾರರ ಕೈಗೆ ಕೊಟ್ಟು, ದೋಷ ತಿಳಿಸಿಯೇ ಮಾರಬೇಕೆಂದು ಹೇಳಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು, ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ಸದಕಾ ಮಾಡಿದರು. ಮರೆವಿನಿಂದಾದ ತಪ್ಪಿಗೆ ಇಷ್ಟು ಭಯ! ನಾವು ಹನಫೀಗಳೆಂದು ಹೆಮ್ಮೆಪಡುತ್ತೇವೆ. ಕೈ ಕಟ್ಟುವ ಜಾಗದಲ್ಲಿ ಅವರನ್ನು ಅನುಸರಿಸುತ್ತೇವೆ, ಗಲ್ಲಾದ ಮುಂದೆ ಬಿಟ್ಟುಬಿಡುತ್ತೇವೆ.

ಫಿಕ್‌ಹ್‌ನಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ, 'ಖಿಯಾರುಲ್ ಐಬ್', ಅಂದರೆ ದೋಷ ಕಂಡಾಗ ಕೊಂಡವನಿಗೆ ಸಿಗುವ ಆಯ್ಕೆ. ಹನಫೀ ನಿಯಮವನ್ನು ಸರಳವಾಗಿ ಹೇಳುತ್ತೇನೆ. ಕೊಳ್ಳುವಾಗಲೇ ವಸ್ತುವಿನಲ್ಲಿ ದೋಷವಿದ್ದು, ಅದು ಕೊಂಡವನಿಗೆ ತಿಳಿದಿರದಿದ್ದರೆ, ಪೂರ್ತಿ ಬೆಲೆಗೆ ಇಟ್ಟುಕೊಳ್ಳುವ ಅಥವಾ ವಾಪಸ್ ಕೊಟ್ಟು ಹಣ ಪಡೆಯುವ ಹಕ್ಕು ಅವನದು. ಬದಲಿಗೆ ಬೇರೆ ವಸ್ತು ಕೊಡುತ್ತೇನೆ ಎಂದು ಮಾರಿದವನು ಹೇಳಬಹುದು, ಕೊಂಡವನು ಒಪ್ಪಿದರೆ ಸರಿ. ಕೊಂಡವನ ಕೈಯಲ್ಲಿ ಅದಕ್ಕೆ ಇನ್ನೊಂದು ಹೊಸ ದೋಷ ಬಂದಿದ್ದರೆ, ಡಿಸ್ಕಿಗೆ ಅವನ ಮನೆಯಲ್ಲಿ ಗೀರು ಬಿದ್ದಂತೆ, ಮಾರಿದವನು ಒಪ್ಪದೆ ವಾಪಸ್ ಕೊಡಲಾಗದು. ಆದರೆ ಮೊದಲ ದೋಷದಿಂದಾದ ನಷ್ಟವನ್ನು ಕೇಳಬಹುದು. ದೋಷ ತಿಳಿದ ಮೇಲೂ ತನ್ನದೆಂದು ಬಳಸುತ್ತಾ ಹೋದರೆ ಅವನು ಒಪ್ಪಿಕೊಂಡಂತೆ. ಎಷ್ಟು ನ್ಯಾಯವಾದ ತಕ್ಕಡಿ ನೋಡಿ. ಎರಡೂ ಕಡೆ ತೂಕ ಸಮ.

ನಮ್ಮ ಅಂಗಡಿಗಳಲ್ಲಿ ಒಂದು ಬೋರ್ಡು ನೇತಾಡುತ್ತದೆ: ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ. ಗೊತ್ತಿರುವ ದೋಷವನ್ನು ಮುಚ್ಚಿಟ್ಟ ಪಾಪವನ್ನು ಆ ಬೋರ್ಡು ತೊಳೆಯಲಾರದು. ದೇಶದ ಕಾನೂನೂ ಅದನ್ನು ಒಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ವಂಚನೆಯಾದವರು ತಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. 1915 ಸಂಖ್ಯೆಗೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕೇಳಬಹುದು. ತಾಯಂದಿರು, ಸಹೋದರಿಯರು ಇದನ್ನು ಬರೆದಿಟ್ಟುಕೊಳ್ಳಿ. ಬಿಲ್ ಕೇಳಿ ಪಡೆಯಿರಿ. ಅನ್ಯಾಯವನ್ನು ನುಂಗಿಕೊಂಡು ಮನೆಯಲ್ಲಿ ಕೂತು ಶಪಿಸುವುದು ಸಬ್ರ್ ಅಲ್ಲ.

ಈಗ ದೂರು ಹೇಳುವವನ ಮಾತಿಗೆ ಬರೋಣ. ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸಿನ ಸಾರ ಇದು. ಪ್ರವಾದಿ(ಸ)ರಿಂದ ಒಂಟೆಯೊಂದು ಬರಬೇಕಿದ್ದ ವ್ಯಕ್ತಿ ಬಂದು ಬಹಳ ಒರಟಾಗಿ ಕೇಳಿದ. ಸಹಾಬಿಗಳು ಸಿಟ್ಟಿಗೆದ್ದರು. ಪ್ರವಾದಿ(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂದರು. ಅವನ ಒಂಟೆಯ ವಯಸ್ಸಿನದು ಸಿಗದೆ ಅದಕ್ಕಿಂತ ಉತ್ತಮವಾದದ್ದು ಸಿಕ್ಕಾಗ ಅದನ್ನೇ ಕೊಡಿಸಿದರು. ಅಲ್ಲಾಹನ ರಸೂಲರ ಮುಂದೆ ಧ್ವನಿ ಏರಿಸಿದವನಿಗೆ ಈ ಉತ್ತರ! ನಮ್ಮ ಮುಂದೆ ಗಿರಾಕಿ ಸ್ವಲ್ಪ ಜೋರಾಗಿ ಮಾತಾಡಿದರೆ ನಮ್ಮ ಮಾನ ಹೋದಂತಾಗುತ್ತದೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲವೆಂದು ಸೂರಾ ನಿಸಾದ 148ನೇ ಆಯತ್ ತಿಳಿಸುತ್ತದೆ. ಅನ್ಯಾಯಕ್ಕೊಳಗಾದವನಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ.

ಜಗತ್ತಿನ ದೊಡ್ಡ ಕಂಪನಿಗಳೂ ಇದನ್ನು ದುಬಾರಿ ಬೆಲೆ ತೆತ್ತು ಕಲಿತಿವೆ. 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರದ ಒಂದು ದೋಷವಿರುವುದನ್ನು ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಹೊರಗೆ ತಂದರು. ಕಂಪನಿಗೆ ಅದು ಆಗಲೇ ತಿಳಿದಿತ್ತು. ಸಾಮಾನ್ಯ ಜನರಿಗೆ ಇದರಿಂದ ತೊಂದರೆಯಿಲ್ಲ, ಅಗತ್ಯವಿದೆಯೆಂದು ತೋರಿಸಿದವರಿಗೆ ಮಾತ್ರ ಬದಲಿಸಿ ಕೊಡುತ್ತೇವೆ ಎಂದು ಅದು ಮೊದಲು ಹೇಳಿತು. ಜನ ರೊಚ್ಚಿಗೆದ್ದರು. ಕೊನೆಗೆ ಅದೇ ವರ್ಷ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಬದಲಿಸಿ ಕೊಡುವುದಾಗಿ ಘೋಷಿಸಬೇಕಾಯಿತು. ಅದಕ್ಕಾಗಿ ಕಂಪನಿ 47.5 ಕೋಟಿ ಡಾಲರ್ ಬದಿಗಿಟ್ಟಿತು. ಆ ದೋಷ ಬಹಳ ಅಪರೂಪಕ್ಕೆ ಕಾಣಿಸುವಂಥದ್ದು. ಜನರನ್ನು ಕೆರಳಿಸಿದ್ದು ದೋಷಕ್ಕಿಂತ ಹೆಚ್ಚಾಗಿ ಆ ಮೊದಲ ಉತ್ತರ.

ಹಾಗಾದರೆ ಸುಳ್ಳು ದೂರುಗಳನ್ನು ಏನು ಮಾಡಬೇಕು? ಸೂರಾ ಹುಜುರಾತ್ ಕಲಿಸುವುದು ವಿಚಾರಿಸಿ ನೋಡುವುದನ್ನು. ಸುದ್ದಿ ಬಂದಾಗ ಪರಿಶೀಲಿಸಿ ಎಂದು ಅದು ಆದೇಶಿಸುತ್ತದೆ, ಅತಿಯಾದ ಗುಮಾನಿಯಿಂದ ದೂರವಿರಿ ಎಂದೂ ಆದೇಶಿಸುತ್ತದೆ. ಈ ಸಹೋದರರು ಬಂದ ಡಿಸ್ಕನ್ನು ಇನ್ನೊಂದು ಹಳೆಯ ಯಂತ್ರದಲ್ಲಿ ಹಾಕಿ ನೋಡಬಹುದಿತ್ತು. ಯಾವ ಕಟ್ಟಿನ ಡಿಸ್ಕು ಎಂದು ಪ್ರತಿಯೊಂದರ ಮೇಲೂ ಗುರುತು ಹಾಕಿದ್ದರೆ, ಐದಾರು ದೂರು ಬರುವಷ್ಟರಲ್ಲೇ ಎಲ್ಲವೂ ಒಂದೇ ಕಟ್ಟಿನವು ಎಂದು ಬಯಲಾಗುತ್ತಿತ್ತು. ಅರ್ಧ ಗಂಟೆಯ ಕೆಲಸ. ನಾಲ್ವರ ಮೋಸದ ಸಿಟ್ಟನ್ನು 41 ನಿರಪರಾಧಿಗಳ ಮೇಲೆ ತೀರಿಸಿದ್ದರಿಂದ ಅದು ಆಗಲಿಲ್ಲ.

ಯುವಕರೇ, ಆ ನಾಲ್ವರ ಸಾಲಿನಲ್ಲಿ ನೀವು ನಿಲ್ಲಬೇಡಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆದವನ ಶ್ರಮವನ್ನು ಪ್ರತಿ ಮಾಡಿ ಹಂಚುವುದು ಕದಿಯುವುದೇ. ಬರೆದವನ, ಕಂಡುಹಿಡಿದವನ ಹಕ್ಕು ಶರೀಅತಿನಲ್ಲಿ ಸಂರಕ್ಷಿತ, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1988ರಲ್ಲಿ ಕುವೈತಿನ ಸಭೆಯಲ್ಲಿ ನಿರ್ಣಯಿಸಿದೆ. ಕಾಯ್ದಾ ಕಲಿಸುವ ಡಿಸ್ಕನ್ನು ಕದ್ದು, ಅದರಿಂದಲೇ ಮಗುವಿಗೆ ಅಲಿಫ್ ಕಲಿಸುವವನಿಗೆ ಏನು ಹೇಳಲಿ? ಅವನ ಸುಳ್ಳಿಗೆ ಬೆಲೆ ತೆತ್ತದ್ದು ಅವನ ನಂತರ ಬಂದ ಪ್ರಾಮಾಣಿಕ ಗಿರಾಕಿ.

ಈಗ ಆ ಸಹೋದರರ ಪ್ರಶ್ನೆಗೆ ಬರುತ್ತೇನೆ. "ತೌಬಾ ಮಾಡಿದ್ದೇನೆ, ಹಜ್ ಮಾಡಿ ಬಂದರೆ ಮುಗಿಯುತ್ತದಲ್ಲವೇ?" ಎಂದು ಕೇಳಿದರು. ಇಲ್ಲ. ಇದು ಹುಕೂಕುಲ್ ಇಬಾದ್, ದಾಸರ ಹಕ್ಕು. ಕೊಟ್ಟು ತೀರಿಸಬೇಕು ಅಥವಾ ಅವರು ಕ್ಷಮಿಸಬೇಕು. ಬೆಟ್ಟದಷ್ಟು ನಮಾಝ್, ಉಪವಾಸ, ಝಕಾತ್ ಹೊತ್ತು ಬಂದವನು, ಇವನಿಗೆ ಬೈದದ್ದಕ್ಕೆ, ಅವನ ಹಣ ತಿಂದದ್ದಕ್ಕೆ ಎಲ್ಲವನ್ನೂ ಕಳೆದುಕೊಂಡು ದಿವಾಳಿಯಾಗುವ ದೃಶ್ಯವನ್ನು ಪ್ರವಾದಿ(ಸ) ವಿವರಿಸಿದ್ದಾರೆ.

ನಾವಿಬ್ಬರೂ ಲೆಕ್ಕಕ್ಕೆ ಕುಳಿತೆವು. ದೂರು ಕೊಟ್ಟವರು 41. ಆದರೆ ಕೆಟ್ಟ ಡಿಸ್ಕು ನೂರು. ಉಳಿದ 59 ಮಂದಿ ದೂರು ಹೇಳಲೇ ಇಲ್ಲ. ಅವರ ಮೌನವನ್ನು ಕ್ಷಮೆ ಎಂದು ಹೇಗೆ ತಿಳಿಯುವುದು? ಯಾರ ಡಿಸ್ಕು ಓಡಿತು, ಯಾರದು ನಿಂತಿತು ಎಂದು ಈಗ ಬೇರ್ಪಡಿಸಲೂ ಆಗದು. ಪೂರ್ತಿ ನೂರರ ಬೆಲೆ, 15,000 ರೂಪಾಯಿ, ತೆಗೆದಿಡುವುದೆಂದು ಅವರೇ ನಿರ್ಧರಿಸಿದರು. ನೋಟ್‌ಬುಕ್ ಹಿಡಿದು ಹುಡುಕಿದಾಗ 17 ಮಂದಿ ಸಿಕ್ಕರು. ಅವರಿಗೆ 2,550 ರೂಪಾಯಿ ತಲುಪಿತು.

ಆ ಹದಿನೇಳರಲ್ಲಿ ಒಬ್ಬರು ಕಮಲಾಪುರದ ಒಬ್ಬ ತಾಯಿ. ಹೊಲಿಗೆ ಯಂತ್ರದ ದುಡಿಮೆಯಿಂದ ಮಕ್ಕಳಿಗೆಂದು ಡಿಸ್ಕು ಕೊಂಡವರು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಎರಡು ಸಲ ರೋಜಾಕ್ಕೆ ಬಂದು, ಎರಡು ಸಲವೂ ಬರಿಗೈಯಲ್ಲಿ ಹೋಗಿದ್ದರು. ಅವರ ಮನೆಗೆ ಸಹೋದರರೊಂದಿಗೆ ನಾನೂ ಹೋಗಿದ್ದೆ. ಸಹೋದರರು ಹಣ ಮುಂದಿಟ್ಟು, "ಆಪಾ, ಅವತ್ತು ನಿಮ್ಮದು ತಪ್ಪಿರಲಿಲ್ಲ, ನಂದೇ ತಪ್ಪು" ಎಂದರು.

ಆ ತಾಯಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು: "ರೊಕ್ಕದ ಮಾತು ಬ್ಯಾರೆ ಭಾಯ್. ಅವತ್ತು ಅಂಗಡ್ಯಾಗ ನಾಲ್ಕು ಮಂದಿ ಮುಂದ 'ನಿಮಗ ಕಂಪ್ಯೂಟರ್ ಹಚ್ಚಲಿಕ್ಕೇ ಬರಂಗಿಲ್ಲ' ಅಂದ್ರಿ. ನನ್ನ ಮಗ ಬಾಜೂಕ ನಿಂತಿದ್ದ. ಬಸ್ಸಿನ್ಯಾಗ ಅವ ನನ್ನ ಕೇಳಿದ, ಅಮ್ಮಿ, ನಿನಗ ಖರೇನೇ ಬರಂಗಿಲ್ಲೇನು ಅಂತ. ಅದು ಇನ್ನೂ ಮರ್ತಿಲ್ಲ ನಾನು."

ಸಹೋದರರು ಎರಡು ಸಲದ ಬಸ್ ಚಾರ್ಜನ್ನೂ ಲೆಕ್ಕ ಹಾಕಿ ಕೊಟ್ಟರು. ತಾಯಿ ತೆಗೆದುಕೊಂಡರು. ಅದು ಅವರ ಹಕ್ಕು, ತೆಗೆದುಕೊಂಡದ್ದೇ ಸರಿ. ಆಮೇಲೆ ಒಳಗಿನಿಂದ ಮಗನನ್ನು ಕರೆದರು. ಈಗ ಮೀಸೆ ಬಂದ ಯುವಕ. "ಇವನ ಮುಂದ ಇನ್ನೊಮ್ಮೆ ಹೇಳ್ರಿ" ಎಂದರು. ಸಹೋದರರು ಹೇಳಿದರು. ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು. ಆಮೇಲೆಯೇ ಆ ತಾಯಿ "ಮಾಫ್ ಮಾಡೀನಿ" ಎಂದು, ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟರು.

ಸಹೋದರರೇ, 150 ರೂಪಾಯಿಯನ್ನು ಹಿಂತಿರುಗಿಸುವುದು ಸುಲಭ. ತಾಯಿಯೊಬ್ಬಳನ್ನು ಮಗನ ಮುಂದೆ ಸಣ್ಣದಾಗಿಸಿದ ಮಾತನ್ನು ಹಿಂತಿರುಗಿಸಲು ಇಷ್ಟು ವರ್ಷ ಬೇಕಾದವು. ಕೆಟ್ಟ ಡಿಸ್ಕಿಗೆ ಬದಲಿ ಡಿಸ್ಕು ಇದೆ. ಆಡಿದ ಮಾತಿಗೆ ಬದಲಿ ಇಲ್ಲ.

ಸಿಗದ 83 ಮಂದಿಯ ಪಾಲು 12,450 ರೂಪಾಯಿ ಉಳಿಯಿತು. "ಮಸೀದಿಯ ಕಟ್ಟಡಕ್ಕೆ ಕೊಡುತ್ತೇನೆ" ಎಂದರು. ಬೇಡ ಎಂದೆ. ಒಡೆಯರು ಸಿಗದ ಹಣವನ್ನು, ತನಗೆ ಪುಣ್ಯ ಬರಲೆಂಬ ನಿಯ್ಯತ್ ಇಟ್ಟುಕೊಳ್ಳದೆ, ಆ ಒಡೆಯರ ಹೆಸರಿನಲ್ಲಿ ಬಡವರಿಗೆ ಕೊಡಬೇಕು. ನಾಳೆ ಅವರಲ್ಲಿ ಯಾರಾದರೂ ಬಂದರೆ, ಆ ಸದಕಾವನ್ನು ಒಪ್ಪುವ ಅಥವಾ ತನ್ನ ಹಣ ಕೇಳುವ ಆಯ್ಕೆ ಅವರಿಗಿದೆ, ಕೇಳಿದರೆ ಕೊಡಲೇಬೇಕು. ಹಾಗೆಯೇ ಹಂಚಲಾಗಿದೆ. ನೋಟ್‌ಬುಕ್ ಈಗ ನನ್ನ ಬಳಿ ಇದೆ. ಆ ದಿನಗಳಲ್ಲಿ ಇಂಥ ಡಿಸ್ಕು ಕೊಂಡವರು ಯಾರಾದರೂ ಇಲ್ಲಿದ್ದರೆ ನಮಾಝ್ ನಂತರ ನನ್ನನ್ನು ಕಾಣಿರಿ.

ಇಂದು ಮನೆಗೆ, ಅಂಗಡಿಗೆ ಹೋದ ಮೇಲೆ ಮೂರು ಕೆಲಸ ಮಾಡೋಣ. ಆ ಬೋರ್ಡು ಇದ್ದರೆ ಇಳಿಸೋಣ. ದೂರು ಹೇಳಲು ಬಂದವರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿ, ಆಮೇಲೆ ಪರೀಕ್ಷಿಸೋಣ. ನಾವು ಬರಿಗೈಯಲ್ಲಿ ಕಳಿಸಿದ ಒಬ್ಬರಾದರೂ ನೆನಪಿಗೆ ಬಂದರೆ, ಇಂದೇ ಫೋನ್ ಮಾಡೋಣ. ಮಾರುವಾಗ, ಕೊಳ್ಳುವಾಗ, ಬರಬೇಕಾದದ್ದನ್ನು ಕೇಳುವಾಗ ಮೃದುವಾಗಿ ನಡೆದುಕೊಳ್ಳುವವನಿಗೆ ಪ್ರವಾದಿ(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ. ಆ ದುಆದಲ್ಲಿ ನಮಗೂ ಒಂದು ಪಾಲು ಸಿಗಲಿ.

ಓ ಅಲ್ಲಾಹ್, ನಮ್ಮ ಗಳಿಕೆಯನ್ನು ಹಲಾಲ್ ಮಾಡು. ಗೊತ್ತಿದ್ದೂ ಮುಚ್ಚಿಟ್ಟ ನಮ್ಮ ತಪ್ಪುಗಳನ್ನು, ಸಾವಿಗೆ ಮುಂಚೆ ಒಪ್ಪಿಕೊಂಡು ತೀರಿಸುವ ಧೈರ್ಯ ಕೊಡು. ನಮ್ಮಿಂದ ನೊಂದು ಹಿಂತಿರುಗಿದವರ ಮನಸ್ಸಿನಲ್ಲಿ ನಮಗಾಗಿ ಕ್ಷಮೆ ಹುಟ್ಟಿಸು. ಈ ಸಹೋದರರ ಹಜ್ ಸ್ವೀಕರಿಸು. ಆಮೀನ್.